ಹೇಳದೇ ಹರಿಯುವ ಪಟ್ಟಾ

ಇಬ್ರಾಹಿಂಪುರದ ರೈಲ್ವೆ ಗೇಟ್ ದಾಟಿ ನೂರು ಮೀಟರ್ ಕೂಡ ಹೋಗಿರಲಿಲ್ಲ, ಕಾರು ಬಂದ್ ಬಿತ್ತು. ಸದ್ದಿಲ್ಲ, ಹೊಗೆಯಿಲ್ಲ. ಅದಕ್ಕೂ ಮೊದಲು ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಹತ್ತಿರಲಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ, ಕೊಂಡು ಎಂಟು ತಿಂಗಳಾಗಿತ್ತಷ್ಟೆ. ಮೆಕ್ಯಾನಿಕ್ ಬಂದು ಕವರ್ ಬಿಚ್ಚಿ ನೋಡಿದರು.

"ಟೈಮಿಂಗ್ ಪಟ್ಟಾ ಹರದೈತ್ರಿ. ಹಿಂದ ಯಾವಾಗ ಬದ್ಲಿ ಮಾಡ್ಸಿದ್ರಿ?"

"ಗೊತ್ತಿಲ್ರಿ. ತಗೊಂಡಾಗ ಚಲೋ ಓಡ್ತಿತ್ತು."

"ಹರಿಯೂ ಮುಂಚಿನ ನಿಮಿಷದ ತನಕಾ ಚಲೋನ ಓಡ್ತೈತ್ರಿ ಇದು."

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ನಮ್ಮೂರ ಹಿಟ್ಟಿನ ಗಿರಣಿಯ ಪಟ್ಟಾ ಹೀಗಿರಲಿಲ್ಲ. ಸಡಿಲಾದರೆ ಜಾರುತ್ತಿತ್ತು, ಕೀರಲು ದನಿಯಲ್ಲಿ ಊರಿಗೆಲ್ಲ ಕೇಳುವಂತೆ ಕಿರುಚುತ್ತಿತ್ತು. ಗಿರಣಿಯವರು ಒಂದಿಷ್ಟು ರಾಳ ಹಾಕಿ ಸರಿ ಮಾಡುತ್ತಿದ್ದರು. ಜಾರಿದರೂ ನಷ್ಟವೇನಿಲ್ಲ, ಜೋಳ ಒಂದು ಕ್ಷಣ ತಡವಾಗಿ ಹಿಟ್ಟಾಗುತ್ತದೆ ಅಷ್ಟೆ.

ಎಂಜಿನ್ನಿನಲ್ಲಿ ಆ ಒಂದು ಕ್ಷಣಕ್ಕೂ ಅವಕಾಶವಿಲ್ಲ. ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ಬಂದಾಗ ಕ್ಯಾಮ್‌ಶಾಫ್ಟ್ ಸರಿಯಾಗಿ ಒಂದೇ ಸುತ್ತು ಬರಬೇಕು. ಪಿಸ್ಟನ್ ಮೇಲೆ ಬರುವಷ್ಟರಲ್ಲಿ ವಾಲ್ವ್ ದಾರಿ ಬಿಟ್ಟಿರಬೇಕು. ಅದಕ್ಕೇ ಜಾರದ ಪಟ್ಟಾ ಬೇಕಿತ್ತು, ಹಲ್ಲಿರುವ ಪಟ್ಟಾ. ಇದು ಮೊದಲು ಹುಟ್ಟಿದ್ದು ಕಾರಿಗಾಗಿ ಅಲ್ಲ, ಹೊಲಿಗೆ ಯಂತ್ರಕ್ಕಾಗಿ. 1940ರ ದಶಕದಲ್ಲಿ ಅಮೆರಿಕದ ಗಿಲ್ಮರ್ ಕಂಪನಿ ಸಿಂಗರ್ ಯಂತ್ರಗಳಿಗಾಗಿ ಇದನ್ನು ರೂಪಿಸಿತು. ಸೂಜಿ ಮತ್ತು ಕೆಳಗಿನ ಬಾಬಿನ್ ಒಂದೇ ತಾಳದಲ್ಲಿ ನಡೆಯಬೇಕಿತ್ತು, ಅಷ್ಟೇ ಅದರ ಕೆಲಸ.

ಮಾರಾಟಕ್ಕೆಂದು ತಯಾರಾದ ಕಾರಿಗೆ ಅದನ್ನು ಮೊದಲು ಹಾಕಿದ್ದು ಜರ್ಮನಿಯ ಗ್ಲಾಸ್ ಕಂಪನಿ. 1960ರ ದಶಕದ ಆರಂಭದಲ್ಲಿ ಬಂದ ಆ ಕಾರಿನ ಹೆಸರು ಗ್ಲಾಸ್ 1004. ಬಿತ್ತನೆಯ ಯಂತ್ರ ಮಾಡುತ್ತಾ ಬೆಳೆದ ಕಂಪನಿ ಅದು. ಕೂರಿಗೆ ಹಿಡಿದವರ ಮನೆಯಲ್ಲಿ ಬೆಳೆದ ನನಗೆ ಇದನ್ನು ಓದಿ ಖುಷಿಯಾಯಿತು. 1966ರಲ್ಲಿ ಬಿಎಂಡಬ್ಲ್ಯು ಆ ಕಂಪನಿಯನ್ನು ಕೊಂಡಿತು. ಅದೇ ವರ್ಷ ಫಿಯಟ್ 124 ಸ್ಪೋರ್ಟ್‌ನಲ್ಲೂ ಹಲ್ಲಿನ ಪಟ್ಟಾ ಬಂತು. ಚೈನಿಗಿಂತ ಹಗುರ, ಅಗ್ಗ, ಎಣ್ಣೆ ಬೇಡ, ಎಲ್ಲಕ್ಕಿಂತ ಹೆಚ್ಚಾಗಿ ಸದ್ದು ಕಡಿಮೆ.

ನಮ್ಮಲ್ಲಿ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಗೆ ಇದ್ದದ್ದು ಚೈನು. ಸವೆದ ಚೈನು ಎಂಜಿನ್ನಿನ ಮುಂಭಾಗದಲ್ಲಿ ಕಟಕಟ ಅನ್ನುತ್ತದೆ. ಹಳೇ ಮೆಕ್ಯಾನಿಕ್‌ಗಳು ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿಯೇ ಹೇಳುತ್ತಿದ್ದರು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು, 1998ರಲ್ಲಿ ಸ್ಯಾಂಟ್ರೊ, ಇಂಡಿಕಾ ಬಂದವು. ಮೂರಕ್ಕೂ ಪಟ್ಟಾ. ಮಧ್ಯಮ ವರ್ಗಕ್ಕೆ ಕಾರು ಕೈಗೆಟುಕಿದ ಕಾಲದಲ್ಲೇ ಎಂಜಿನ್ ಮೆತ್ತಗೆ ಮಾತಾಡಲು ಕಲಿಯಿತು. ಆದರೆ ಪಟ್ಟಾದ ವಿಷಯದಲ್ಲಿ ಕಿವಿಯ ವಿದ್ಯೆ ಕೆಲಸಕ್ಕೆ ಬರಲಿಲ್ಲ. ಅದು ಸವೆಯುವಾಗ ಸಾಮಾನ್ಯವಾಗಿ ಸದ್ದು ಮಾಡುವುದಿಲ್ಲ.

ಹಾಗಾದರೆ ಬದಲಿಸುವ ಹೊತ್ತು ತಿಳಿಯೋದು ಹೇಗೆ? ಕಾಗದದಿಂದ. ಕಾರಿನ ಕೈಪಿಡಿಯಲ್ಲಿ ಎರಡು ಸಂಖ್ಯೆ ಇರುತ್ತವೆ, ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು. ಸಾಮಾನ್ಯ ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿ.ಮೀ. ವೇಗ, ನಿಮಿಷಕ್ಕೆ 2,000 ಸುತ್ತು ಅಂದುಕೊಂಡರೆ, 60,000 ಕಿ.ಮೀ. ಆಗುವಷ್ಟರಲ್ಲಿ ಕ್ರ್ಯಾಂಕ್ 12 ಕೋಟಿ ಸುತ್ತು ಬಂದಿರುತ್ತದೆ. ಗಾಡಿ ಮನೆ ಮುಂದೆ ನಿಂತೇ ಇದ್ದರೂ ರಬ್ಬರ್‌ಗೆ ವಯಸ್ಸಾಗುತ್ತದೆ, ಅದಕ್ಕೇ ವರ್ಷದ ಲೆಕ್ಕ. ಎಣ್ಣೆ ಸೋರಿ ಪಟ್ಟಾಕ್ಕೆ ತಾಗಿದರಂತೂ ಕಾಯಲೇಬಾರದು. ಆ ಸಂಖ್ಯೆ ಪಟ್ಟಾ ಹರಿಯುವ ದಿನವಲ್ಲ. ಅದರಾಚೆ ನಂಬಬೇಡಿ ಅನ್ನುವ ಗಡಿ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ನಾವು ಬಣ್ಣ ನೋಡುತ್ತೇವೆ, ಎಸಿ ಹಾಕಿ ನೋಡುತ್ತೇವೆ, ಟೈರ್ ಒದ್ದು ನೋಡುತ್ತೇವೆ. ಪಟ್ಟಾ ಬದಲಿಸಿದ ಬಿಲ್ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಹರಿದ ಕ್ಷಣದಲ್ಲಿ ಪಿಸ್ಟನ್‌ಗಳು ವಾಲ್ವ್‌ಗಳಿಗೆ ಬಡಿದು ಅವು ಬಾಗಿದ್ದವು. ಸಿಲಿಂಡರ್ ಹೆಡ್ ಇಳಿಸಬೇಕಾಯಿತು. ಆ ಖರ್ಚಿನಲ್ಲಿ ಎಷ್ಟು ಸಲ ಪಟ್ಟಾ ಹಾಕಿಸಬಹುದಿತ್ತು ಅನ್ನೋದನ್ನ ಮನೆಯಲ್ಲಿ ಇನ್ನೂ ಹೇಳಿಲ್ಲ. ಎಲ್ಲ ಎಂಜಿನ್ನಿನಲ್ಲೂ ಹೀಗಾಗುವುದಿಲ್ಲ, ಕೆಲವದರಲ್ಲಿ ಪಿಸ್ಟನ್ ಮತ್ತು ವಾಲ್ವ್ ನಡುವೆ ಜಾಗ ಇರುತ್ತದೆ. ಮಾರುತಿಯ ಕೆ-ಸರಣಿಯಂಥ ಎಂಜಿನ್‌ಗಳು ಮತ್ತೆ ಚೈನಿಗೇ ಮರಳಿವೆ. ನಿಮ್ಮದು ಯಾವುದು ಅಂತ ಮೊದಲು ತಿಳಿದುಕೊಳ್ಳಿ. ಪಟ್ಟಾ ಇದ್ದು, ದಾಖಲೆ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ತಿಳಿಯಿರಿ. ಟೆನ್ಶನರ್, ಪಟ್ಟಾದಿಂದಲೇ ತಿರುಗುವ ವಾಟರ್ ಪಂಪ್ ಇದ್ದರೆ ಅದೂ, ಒಟ್ಟಿಗೇ ಹಾಕಿಸಿ. ಬಿಚ್ಚುವ ಕೂಲಿ ಒಂದೇ.

ಕೆಲಸ ಮುಗಿದ ಮೇಲೆ ಮೆಕ್ಯಾನಿಕ್ ಒಂದು ಸ್ಟಿಕ್ಕರ್ ಮೇಲೆ ತಾರೀಖು, ಕಿಲೋಮೀಟರ್ ಬರೆದು ಬಾನೆಟ್ ಒಳಗೆ ಅಂಟಿಸಿದರು.

"ನಾಳೆ ನೀವು ಮಾರಿದ್ರ, ತಗೊಂಡಾವ್ರು ಅದ ಗೇಟಿನ ಹತ್ರ ನಿಂದ್ರಬಾರ್ದಲ್ರಿ" ಅಂದರು.