ಬ್ರಹ್ಮಗಿರಿಯಿಂದ ಕುದಾಪುರಕ್ಕೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಪತ್ತೆಹಚ್ಚಿದ ಅಶೋಕನ ಕಿರುಶಾಸನ, ಶಿಷ್ಯನು ಗುರುವನ್ನು ಗೌರವಿಸಬೇಕೆಂದು ವಿಧಿಸುತ್ತದೆ. ಅದನ್ನು ಬರೆದ ಚಪಡ ತನ್ನ ವೃತ್ತಿಯ ಹೆಸರನ್ನು ಮಾತ್ರ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅಷ್ಟು ದೂರದ ವಿದ್ಯೆ ಈ ಬಂಡೆಗಾಡಿಗೂ ತಲುಪಿತ್ತು! ಆದರೆ ಶಾಸನ ಒತ್ತಿ ಹೇಳುವುದು ಶಿಷ್ಯನ ಕರ್ತವ್ಯವನ್ನು. ಗುರುವಿನ ಹೊಣೆಯೂ ಅಷ್ಟೇ ದೊಡ್ಡದೆಂಬುದು ನನ್ನ ವಾದ.

ಆ ಹೊಣೆಗೆ ಗುರುಗಳನ್ನು ಸಜ್ಜುಗೊಳಿಸಲು, ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಗಳ ಮೂಲಕ ತರಬೇತಿ ನೀಡುತ್ತಿದೆ. ಇದರಿಂದ ಸಂಶೋಧಕರು ಹುಟ್ಟುತ್ತಾರೆಯೇ ಎಂದು ಕೇಳುವವರಿದ್ದಾರೆ. ಆದರೆ ಮನೆಯಲ್ಲಿ ಮೊದಲಿಗಳಾಗಿ ಓದುವ ನಾಯಕ, ಗೊಲ್ಲ ಸಮುದಾಯದ ಹುಡುಗಿಗೆ ಪಿಎಚ್‌.ಡಿ. ಮಾರ್ಗದರ್ಶಕರಿಗಿಂತ ಎಷ್ಟೋ ಮೊದಲು ಸಿಗುವವರು ಹೈಸ್ಕೂಲು ಮೇಷ್ಟ್ರು. ಈ ಆವರಣಕ್ಕಾಗಿ ತಮ್ಮ ಮೇವಿನ ನೆಲವಾದ ಅಮೃತಮಹಲ್ ಕಾವಲು ಕಳೆದುಕೊಂಡ ದನಗಾಹಿಗಳ ಆಕ್ಷೇಪ ಇನ್ನೂ ಗಟ್ಟಿಯಾದದ್ದು, ನ್ಯಾಯವಾದದ್ದು. ಅವರ ಹುಲ್ಲುಗಾವಲಿನ ಮೇಲೆ ಪ್ರಯೋಗಾಲಯ ಎದ್ದಮೇಲೆ, ಅದರೊಳಗೆ ಅವರ ಮಕ್ಕಳನ್ನು ವಿಜ್ಞಾನಿಗಳಾಗಿ ಬೆಳೆಸುವುದು ಸಂಸ್ಥೆ ತೀರಿಸಬೇಕಾದ ಋಣ.