ನೆಲವನ್ನು ಸುಡುವ ಪೈರುಗಳು

ಒಂದು ಪೈರು ನೆರೆಯ ಪೈರಿನ ಏಳಿಗೆಯನ್ನು ಕುಂದಿಸುವುದೆಂಬ ವಿಚಾರವು ಬಹು ಪ್ರಾಚೀನವಾದುದು. ಗ್ರೀಸಿನ ಥಿಯೊಫ್ರಾಸ್ಟಸನು (ಸು. ಕ್ರಿ. ಪೂ. 371–287) ಕಡಲೆಯ ವಿಷಯದಲ್ಲಿ ಎರಡು ಮಾತುಗಳನ್ನು ಹೇಳಿರುವನು: ಇತರ ದ್ವಿದಳಧಾನ್ಯಗಳಂತೆ ಅದು ನೆಲಕ್ಕೆ ಪುಷ್ಟಿಯನ್ನು ಕೊಡದೆ ನೆಲವನ್ನೇ ಬಳಲಿಸುವುದು, ಆದರೆ ಕಳೆಗಳನ್ನು, ಅವುಗಳಲ್ಲಿಯೂ ನೆಗ್ಗಿಲ ಜಾತಿಯ ಮುಳ್ಳುಗಿಡವನ್ನು, ಬೇಗನೆ ನಾಶಪಡಿಸುವುದು.

ರೋಮನರು ಈ ವಿಚಾರವನ್ನು ‘ಸುಡು’ ಎಂಬ ಅರ್ಥದ ಕ್ರಿಯಾಪದದಿಂದ ಸೂಚಿಸಿದರು. ಕ್ರಿ. ಪೂ. 29ರ ಸುಮಾರಿಗೆ ಮುಗಿದ ‘ಜಾರ್ಜಿಕ್ಸ್’ ಕಾವ್ಯದಲ್ಲಿ ವರ್ಜಿಲನು ಅಗಸೆ, ಓಟ್ಸ್, ಗಸಗಸೆಗಳು ಹೊಲವನ್ನು ಸುಡುವುವೆನ್ನುತ್ತಾನೆ. ಕ್ರಿ. ಶ. 79ರಲ್ಲಿ ಮಡಿದ ಪ್ಲಿನಿಯು ಕಡಲೆ, ಜವೆ, ಮೆಂತೆಗಳನ್ನೂ ಈ ಸಾಲಿಗೆ ಸೇರಿಸಿ, ಕಡಲೆಯ ಈ ಗುಣಕ್ಕೆ ಅದರ ಉಪ್ಪೇ ಕಾರಣವೆನ್ನುತ್ತಾನೆ. ಕಡಲೆಗಿಡದ ಎಲೆಯ ಮೇಲೆ ಒಸರುವುದು ಉಪ್ಪಲ್ಲ, ಹುಳಿ; ಹಿಮ ಬಿದ್ದ ಮುಂಜಾನೆ ಕಡಲೆಯ ಹೊಲದಲ್ಲಿ ನಡೆದವರಿಗೆ ಇದು ತಿಳಿದ ವಿಷಯವೇ.

ಈ ಸುಡುವಿಕೆಯೆಂದರೇನು? ನೆಲದ ಸಾರವನ್ನು ಹೀರುವುದೊ, ನೆಲಕ್ಕೆ ವಿಷವನ್ನು ಸೇರಿಸುವುದೊ? ಪ್ರಾಚೀನರು ಇವೆರಡನ್ನು ಬೇರ್ಪಡಿಸಲಿಲ್ಲ. 1832ರಲ್ಲಿ ಡಿ ಕಾಂಡೋಲನು ಬೇರುಗಳ ವಿಸರ್ಜನೆಯೇ ನೆಲವನ್ನು ಕೆಡಿಸುವುದೆಂದೂ, ಪೈರನ್ನು ಬದಲಿಸುತ್ತಿರಬೇಕಾದುದು ಅದರಿಂದಲೇ ಎಂದೂ ವಾದಿಸಿದನು. ಅನಂತರ ಲೀಬಿಗನ ಲವಣಪೋಷಣೆಯ ಸಿದ್ಧಾಂತವು ಪ್ರಬಲವಾಗಲು, ವಿಷವಾದವು ಹಿಂದೆ ಸರಿಯಿತು.

ಇಪ್ಪತ್ತನೆಯ ಶತಮಾನದಲ್ಲಿ ಅದು ಪುನಃ ತಲೆಯೆತ್ತಿತು. ಅಮೆರಿಕದ ಕರಿ ಅಕ್ರೋಟದಲ್ಲಿರುವ ಜುಗ್ಲೋನ್ ಎಂಬ ದ್ರವ್ಯವು ಟೊಮ್ಯಾಟೊ ಗಿಡಗಳಿಗೆ ವಿಷವೆಂಬುದು 1928ರಲ್ಲಿ ಕಂಡುಬಂದಿತು. 1937ರಲ್ಲಿ ವಿಯೆನ್ನದ ಹಾನ್ಸ್ ಮೋಲಿಷನು ‘ಪರಸ್ಪರ’, ‘ಬಾಧೆ’ ಎಂಬ ಅರ್ಥದ ಗ್ರೀಕ್ ಶಬ್ದಗಳನ್ನು ಕೂಡಿಸಿ ‘ಅಲೆಲೋಪತಿ’ ಎಂದು ಹೆಸರಿಟ್ಟನು. ಕನ್ನಡನಾಡಿನ ಮುಖ್ಯ ಧಾನ್ಯವಾದ ಜೋಳವೂ ಇದಕ್ಕೆ ಸಾಕ್ಷಿ: ಅದರ ಬೇರಿನ ಕೂದಲುಗಳು ಜಿಡ್ಡಿನ ಹನಿಗಳಾಗಿ ಒಸರಿಸುವ ಸೋರ್ಗೋಲಿಯೋನ್ ಎಂಬ ದ್ರವ್ಯವು ಕಳೆಯ ಮೊಳಕೆಗಳನ್ನು ಕುಗ್ಗಿಸುವುದು.

ಇಷ್ಟರಿಂದ ಪ್ರಾಚೀನರು ರಸಾಯನತತ್ತ್ವವನ್ನು ಮುಂಗಂಡಿದ್ದರೆಂದು ಹೇಳುವುದು ಯುಕ್ತವಲ್ಲ. ಹೊಲದಲ್ಲಿ ನೀರು, ಬೆಳಕು, ಲವಣಗಳಿಗಾಗಿ ನಡೆಯುವ ಸ್ಪರ್ಧೆಯೂ ವಿಷದ ಪ್ರಭಾವವೂ ಒಂದರೊಳಗೊಂದು ಬೆರೆತಿರುವುವು. ಪ್ರಯೋಗಶಾಲೆಯ ತಟ್ಟೆಯಲ್ಲಿ ಸಿದ್ಧವಾದುದೆಲ್ಲವೂ ಹೊಲದಲ್ಲಿ ಸಿದ್ಧವಾಗುವುದಿಲ್ಲ. ಪ್ರಾಚೀನರು ಕಂಡದ್ದು ಕಾರ್ಯವನ್ನು, ಕಾರಣವನ್ನಲ್ಲ. ಆದರೂ ಪೈರನ್ನು ಬದಲಿಸಿ ಬೆಳೆದರೆ ನೆಲದ ಶ್ರಮವು ಹಗುರವಾಗುವುದೆಂಬ ವರ್ಜಿಲನ ಉಪದೇಶವು ‘ಸುಡು’ ಎಂಬುದಕ್ಕೆ ಯಾವ ಅರ್ಥವನ್ನು ಹಿಡಿದರೂ ಸಲ್ಲುವುದು.