ಒಳಪೊರೆಯೂ ಭಿತ್ತಿಯೂ: ಒಂದು ವೈದ್ಯಕೀಯ ಜಿಜ್ಞಾಸೆಯ ಇತಿಹಾಸ

ಒಂದೇ ಅಂಗದಲ್ಲಿ ಎರಡು ರೋಗಗಳು ಕಂಡುಬಂದಾಗ, ಒಂದು ಮತ್ತೊಂದಕ್ಕೆ ಜನ್ಮವಿತ್ತಿತೋ ಅಥವಾ ಎರಡೂ ಒಂದೇ ಮನೆಯ ಬೇರೆ ಬೇರೆ ಬಿಡಾರದವರೋ ಎಂಬುದನ್ನು ನಿರ್ಣಯಿಸುವುದು ವೈದ್ಯಶಾಸ್ತ್ರದ ಹಳೆಯ ತೊಡಕುಗಳಲ್ಲೊಂದು. ಅಡಿನೊಮಯೋಸಿಸ್ ಎಂಬ ಗರ್ಭಾಶಯದ ವ್ಯಾಧಿಗೂ ಗರ್ಭಾಶಯದ ಒಳಪೊರೆಯ ಕ್ಯಾನ್ಸರಿಗೂ ಇರುವ ಸಂಬಂಧದ ಚರ್ಚೆ ಈ ತೊಡಕಿಗೆ ಉತ್ತಮ ನಿದರ್ಶನವಾಗಿದೆ. ನೂರು ವರ್ಷಕ್ಕೂ ಮೀರಿದ ಈ ಚರ್ಚೆಯ ಫಲಿತಾಂಶವನ್ನು ಅವಲಂಬಿಸಿ ಅನೇಕ ಸ್ತ್ರೀಯರ ಗರ್ಭಾಶಯಗಳು ಉಳಿದಿವೆ, ಅನೇಕ ಅಳಿದಿವೆ. ಆದುದರಿಂದ ಅದರ ಇತಿಹಾಸವನ್ನು ಅರಿಯುವುದು ವೈದ್ಯರಲ್ಲದವರಿಗೂ ಅವಶ್ಯಕ.

ಗರ್ಭಾಶಯದ ಒಳಗೋಡೆಗೆ ಗ್ರಂಥಿಗಳಿಂದ ಕೂಡಿದ ಒಂದು ಪೊರೆಯುಂಟು. ತಿಂಗಳು ತಿಂಗಳೂ ಬೆಳೆದು ಸ್ರಾವವಾಗಿ ಕಳಚಿಹೋಗುವುದು ಇದೇ. ಅದರ ಹೊರಗೆ ದಪ್ಪನಾದ ಸ್ನಾಯುಭಿತ್ತಿ. ಒಳಪೊರೆಯ ಗ್ರಂಥಿಗಳು ತಮ್ಮ ಮೇರೆಯನ್ನು ಮೀರಿ ಸ್ನಾಯುವಿನೊಳಗೆ ನುಸುಳಿ ನೆಲೆಸಿದರೆ ಅದಕ್ಕೆ ಅಡಿನೊಮಯೋಸಿಸ್ ಎಂದು ಹೆಸರು. ಗರ್ಭಾಶಯ ಊದಿಕೊಳ್ಳುತ್ತದೆ, ಮುಟ್ಟಿನ ಕಾಲದಲ್ಲಿ ಅತಿಯಾದ ಸ್ರಾವವೂ ನೋವೂ ಉಂಟಾಗುತ್ತವೆ. ಮೇರೆ ಮೀರಿ ನುಗ್ಗುವುದು ಕ್ಯಾನ್ಸರಿನ ಲಕ್ಷಣವೂ ಆಗಿರುವುದರಿಂದಲೇ ಸಂದೇಹ ಹುಟ್ಟಿತು.

ವಿಯೆನ್ನಾ ನಗರದ ಪ್ರಖ್ಯಾತ ರೋಗಶಾಸ್ತ್ರಜ್ಞ ಕಾರ್ಲ್ ಫಾನ್ ರೋಕಿಟಾನ್‌ಸ್ಕಿ 1860ರಲ್ಲಿ ಗರ್ಭಾಶಯದ ಸ್ನಾಯುವಿನಲ್ಲಿ ಗ್ರಂಥಿಗಳಿರುವುದನ್ನು ವರ್ಣಿಸಿ, ತಾನು ಕಂಡ ಗಂಟಿಗೆ ಕೊಟ್ಟ ಹೆಸರಿನಲ್ಲಿ ‘ಸಾರ್ಕೋಮ’ ಎಂಬ ಪದವನ್ನು ಸೇರಿಸಿದನು. ಆ ಕಾಲಕ್ಕೆ ಆ ಪದಕ್ಕೆ ಮಾಂಸಲವಾದ ಗಡ್ಡೆ ಎಂಬ ವಿಶಾಲಾರ್ಥವಿತ್ತು. ಇಂದಿನಂತೆ ಮಾರಕ ಗಡ್ಡೆಯೆಂಬ ಅರ್ಥವೊಂದೇ ಇರಲಿಲ್ಲ. ಮುಂದೆ 1896ರಲ್ಲಿ ಸ್ಟ್ರಾಸ್‌ಬುರ್ಗಿನ ಫಾನ್ ರೆಕ್ಲಿಂಗ್‌ಹೌಸೆನ್, ಈ ಗ್ರಂಥಿಗಳು ಭ್ರೂಣಾವಸ್ಥೆಯ ಮೂತ್ರಾಂಗದ ಅವಶೇಷಗಳೆಂದು ವಾದಿಸಿದನು. ಆತನ ವಿದ್ವತ್ತಿನ ಪ್ರಭಾವ ದೊಡ್ಡದಾಗಿದ್ದುದರಿಂದ ಆ ವಾದಕ್ಕೆ ಬಹಳ ಮನ್ನಣೆ ದೊರೆಯಿತು.

ಅದನ್ನು ಅಲುಗಿಸಿದವನು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಥಾಮಸ್ ಕಲೆನ್. ಅವನು ಗರ್ಭಾಶಯಗಳನ್ನು ತೆಳುವಾಗಿ ಕೊಯ್ದು, ಭಿತ್ತಿಯೊಳಗಿನ ಗ್ರಂಥಿಗಳ ಜಾಡನ್ನು ಹಿಡಿದು ಹೋಗಿ, ಅವು ಒಳಪೊರೆಯಿಂದಲೇ ಇಳಿದುಬಂದವೆಂದು ತೋರಿಸಿದನು. 1900ರಲ್ಲಿ ಗರ್ಭಾಶಯದ ಕ್ಯಾನ್ಸರನ್ನು ಕುರಿತೂ, 1908ರಲ್ಲಿ ಈ ವ್ಯಾಧಿಯನ್ನು ಕುರಿತೂ ಗ್ರಂಥಗಳನ್ನು ಪ್ರಕಟಿಸಿದವನು ಆತನೇ. ಎರಡನ್ನೂ ಸಮೀಪದಿಂದ ಬಲ್ಲ ಕಲೆನ್ ಇದನ್ನು ಮಾರಕವಲ್ಲದ ವ್ಯಾಧಿಯೆಂದೇ ಪರಿಗಣಿಸಿದನು. ‘ಅಡಿನೊಮಯೋಸಿಸ್’ ಎಂಬ ಹೆಸರನ್ನು ರೂಢಿಗೆ ತಂದವನು ವಿಯೆನ್ನಾದ ಓಸ್ಕರ್ ಫ್ರಾಂಕ್ಲ್, 1925ರಲ್ಲಿ.

ಅದೇ ವರ್ಷ ನ್ಯೂಯಾರ್ಕ್ ಸಂಸ್ಥಾನದ ಆಲ್ಬನಿಯಲ್ಲಿ ಜಾನ್ ಸ್ಯಾಂಪ್ಸನ್, ಅಂಡಾಶಯದಲ್ಲಿ ನೆಲೆಸಿದ ಇಂಥದೇ ಪೊರೆಯಿಂದ ಕ್ಯಾನ್ಸರು ಹುಟ್ಟಿತೆಂದು ಹೇಳಬೇಕಾದರೆ ಯಾವ ಸಾಕ್ಷ್ಯಗಳಿರಬೇಕೆಂಬ ನಿಯಮಗಳನ್ನು ವಿಧಿಸಿದನು. ಅದೇ ಮಾರ್ಗದಲ್ಲಿ 1959ರಲ್ಲಿ ಕೋಲ್ಮನ್ ಮತ್ತು ರೋಸೆಂತಾಲ್ ಗರ್ಭಾಶಯಕ್ಕೆ ಅನ್ವಯಿಸುವ ಮೂರು ನಿಯಮಗಳನ್ನು ಕೊಟ್ಟರು. ಒಂದು: ಒಳಪೊರೆಯಲ್ಲಾಗಲಿ ಕಟಿಕುಹರದ ಬೇರೆಡೆಯಲ್ಲಾಗಲಿ ಕ್ಯಾನ್ಸರು ಇರಕೂಡದು. ಎರಡು: ಅದು ಅಡಿನೊಮಯೋಸಿಸ್‌ನ ಗ್ರಂಥಿಯಿಂದಲೇ ಹುಟ್ಟಿರುವುದು ಕಾಣಬೇಕು, ಬೇರೆಡೆಯಿಂದ ಹರಡಿ ಬಂದುದಾಗಿರಬಾರದು. ಮೂರು: ಗ್ರಂಥಿಗಳ ಸುತ್ತಲೂ ಒಳಪೊರೆಯ ಆಧಾರಕೋಶಗಳು ಇರಬೇಕು. ಈ ಒರೆಗಲ್ಲಿಗೆ ಹಚ್ಚಿದಾಗ ಉಳಿದುಕೊಂಡ ಪ್ರಕರಣಗಳು ಅತಿ ವಿರಳ. ಆದರೆ ಅಂಥವು ಉಂಟು. ಭಿತ್ತಿಯ ಆಳದಲ್ಲಿ ಹುಟ್ಟುವುದರಿಂದ ಒಳಪೊರೆಯನ್ನು ಕೆರೆದು ಮಾಡುವ ಪರೀಕ್ಷೆಗೆ ಕೆಲವೊಮ್ಮೆ ಸಿಕ್ಕದೆ ಹೋಗುತ್ತವೆ.

ಎರಡು ರೋಗಗಳೂ ಒಂದೇ ಗರ್ಭಾಶಯದಲ್ಲಿ ಜೊತೆಯಾಗಿ ಕಾಣುವುದು ಮಾತ್ರ ವಿರಳವಲ್ಲ. 2021ರಲ್ಲಿ ಪ್ರಕಟವಾದ ಒಂದು ಸಮಗ್ರ ಪರಿಶೀಲನೆಯಂತೆ, ಒಳಪೊರೆಯ ಕ್ಯಾನ್ಸರಿನ ರೋಗಿಗಳಲ್ಲಿ ಸುಮಾರು ನೂರಕ್ಕೆ 22 ಮಂದಿಯಲ್ಲಿ ಅಡಿನೊಮಯೋಸಿಸ್ ಇತ್ತು. ಈ ಅಂಕಿಯನ್ನು ಕಂಡು ಕಾರ್ಯಕಾರಣ ಸಂಬಂಧವನ್ನು ಕಲ್ಪಿಸುವ ಮುನ್ನ ಎಣಿಕೆಯ ಕ್ರಮವನ್ನು ಪರೀಕ್ಷಿಸಬೇಕು. ಬರ್ಡ್ ಮತ್ತು ಅವನ ಸಹೋದ್ಯೋಗಿಗಳು 1972ರಲ್ಲಿ 200 ಗರ್ಭಾಶಯಗಳನ್ನು ಪರಿಶೀಲಿಸಿದರು. ವಾಡಿಕೆಯ ಕೆಲವೇ ತುಣುಕುಗಳನ್ನು ನೋಡಿದಾಗ ಶೇಕಡ 31ರಲ್ಲಿ ಈ ವ್ಯಾಧಿ ಕಂಡಿತು. ಇನ್ನೂ ಆರು ತುಣುಕುಗಳನ್ನು ನೋಡಿದಾಗ ಅದೇ ಗರ್ಭಾಶಯಗಳಲ್ಲಿ ಶೇಕಡ 61.5ಕ್ಕೆ ಏರಿತು. ಅಂದರೆ ಹುಡುಕಿದಷ್ಟೂ ಸಿಕ್ಕುವ ವ್ಯಾಧಿಯಿದು. ಮೇಲಾಗಿ, ಬಹುಕಾಲದವರೆಗೆ ಇದನ್ನು ಕತ್ತರಿಸಿ ತೆಗೆದ ಗರ್ಭಾಶಯದಲ್ಲಿ ಮಾತ್ರವೇ ಖಚಿತವಾಗಿ ಗುರುತಿಸಲು ಸಾಧ್ಯವಿತ್ತು. ಗರ್ಭಾಶಯವನ್ನು ಉಳಿಸಿಕೊಂಡ ಕೋಟ್ಯಂತರ ಸ್ತ್ರೀಯರು ಯಾವ ಲೆಕ್ಕದ ಪುಸ್ತಕದಲ್ಲಿಯೂ ಸೇರಿರಲಿಲ್ಲ. ಖರ್ಚಿನ ಬಾಬನ್ನು ಮಾತ್ರ ಬರೆದು ಜಮೆಯನ್ನು ಬಿಟ್ಟ ಖಾತೆಯಿಂದ ಶಿಲ್ಕನ್ನು ತೆಗೆಯಲಾಗದು.

ಎರಡಕ್ಕೂ ಸಮಾನವಾದ ಒಂದು ಮೂಲವುಂಟೆಂಬುದು ನಿಜ. ಈಸ್ಟ್ರೊಜನ್ ಎಂಬ ರಸದ ಪ್ರಚೋದನೆ ಎರಡರಲ್ಲಿಯೂ ಇದೆ. ಮುಟ್ಟು ನಿಂತ ಮೇಲೆ ಈಸ್ಟ್ರೊಜನ್ನನ್ನು ಔಷಧವಾಗಿ ಸೇವಿಸಿದವರಲ್ಲಿ ಒಳಪೊರೆಯ ಕ್ಯಾನ್ಸರು ಹೆಚ್ಚೆಂಬುದನ್ನು 1975ರಲ್ಲಿ ಎರಡು ಅಧ್ಯಯನಗಳು ತೋರಿಸಿದವು. 2019ರಲ್ಲಿ ಜಪಾನಿನ ಸಂಶೋಧಕರು ಅಡಿನೊಮಯೋಸಿಸ್‌ನ ಗ್ರಂಥಿಗಳಲ್ಲಿ ಕೆಆರ್‌ಎಎಸ್ ಎಂಬ ಜೀನಿನ ಮಾರ್ಪಾಟನ್ನು ಕಂಡರು. ಈ ಜೀನು ಕ್ಯಾನ್ಸರಿನಲ್ಲಿಯೂ ಪರಿಚಿತವಾದುದೇ. ಆದರೆ ಪಕ್ಕದ ಸಾಮಾನ್ಯ ಒಳಪೊರೆಯಲ್ಲಿಯೂ ಅದೇ ಮಾರ್ಪಾಟು ಇತ್ತು. ಆದುದರಿಂದ ಅದೊಂದರಿಂದಲೇ ಕ್ಯಾನ್ಸರು ಹುಟ್ಟುವುದೆಂದು ಹೇಳುವಂತಿಲ್ಲ. ತೈವಾನಿನ ವಿಮಾ ದಾಖಲೆಗಳು ಅಪಾಯವು ಹೆಚ್ಚೆಂದು ಸೂಚಿಸಿವೆ. ಇತ್ತ, ಎರಡೂ ಜೊತೆಗಿರುವಲ್ಲಿ ಕ್ಯಾನ್ಸರು ಸೌಮ್ಯ ಸ್ವರೂಪದ್ದಾಗಿರುವುದೇ ಹೆಚ್ಚೆಂದು ಇತರ ಅಧ್ಯಯನಗಳು ಹೇಳುತ್ತವೆ.

ಇನ್ನೊಂದು ವ್ಯಾವಹಾರಿಕ ತೊಡಕು ಹಂತನಿರ್ಣಯದ್ದು. ಅಂತರರಾಷ್ಟ್ರೀಯ ಸ್ತ್ರೀರೋಗ ಒಕ್ಕೂಟವು 1988ರಿಂದ, ಕ್ಯಾನ್ಸರು ಭಿತ್ತಿಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಹಂತದ ಅಳತೆಯಾಗಿ ಗಣಿಸಿತು. ಮೊದಲೇ ಆಳದಲ್ಲಿದ್ದ ಅಡಿನೊಮಯೋಸಿಸ್‌ನ ಗೂಡಿಗೆ ಕ್ಯಾನ್ಸರು ವ್ಯಾಪಿಸಿದ್ದರೆ, ಅದನ್ನು ಆಳವಾದ ಆಕ್ರಮಣವೆಂದು ತಪ್ಪಾಗಿ ತಿಳಿಯುವ ಸಂಭವವುಂಟು. ಆಗ ರೋಗಿಗೆ ಅನಾವಶ್ಯಕವಾದ ಉಗ್ರ ಚಿಕಿತ್ಸೆ ಪ್ರಾಪ್ತವಾಗುತ್ತದೆ.

ಈ ಚರ್ಚೆ ವಿಯೆನ್ನಾ ಬಾಲ್ಟಿಮೋರುಗಳಲ್ಲಿಯೇ ಮುಗಿಯುವುದಿಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳ ಬಡ ಲಂಬಾಣಿ ಸ್ತ್ರೀಯರ ಗರ್ಭಾಶಯಗಳನ್ನು ಕಾರಣವಿಲ್ಲದೆ ತೆಗೆಯಲಾಯಿತೆಂಬ ದೂರು 2015ರಲ್ಲಿ ಸುದ್ದಿಯಾಯಿತು. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ವಿಷಯವೂ ಹಾಗೆಯೇ. ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಗಳನ್ನು ರಾಜ್ಯಗಳು ಜಾರಿಗೆ ತರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಆದೇಶಿಸಿತು. “ತೆಗೆಸದಿದ್ದರೆ ಮುಂದೆ ಕ್ಯಾನ್ಸರ್ ಆದೀತು” ಎಂಬ ಒಂದು ಮಾತು ಓದುಬರಹವಿಲ್ಲದ ಹೆಂಗಸಿನ ಬಾಯಿ ಕಟ್ಟಿಸಲು ಸಾಕು.

ಅಡಿನೊಮಯೋಸಿಸ್ ಇದೆಯೆಂಬ ಮಾತ್ರಕ್ಕೆ ಅಂಥ ಮಾತಿಗೆ ಆಧಾರವಿಲ್ಲವೆಂಬುದೇ ಈ ಇತಿಹಾಸದ ತಾತ್ಪರ್ಯ. ತಾಳಲಾರದ ನೋವಿಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಅದು ಬೇರೆ ಕಾರಣ. ಮುಟ್ಟು ನಿಂತ ಮೇಲೆ ರಕ್ತಸ್ರಾವ ಕಂಡರೆ ತಡಮಾಡದೆ ಪರೀಕ್ಷೆ ಮಾಡಿಸಲೇಬೇಕು. ಅದೂ ಬೇರೆಯೇ ಕಾರಣ. ಈ ಮೂರನ್ನೂ ಬೆರೆಸದೆ ಬಿಡಿಸಿ ಹೇಳುವುದು ವೈದ್ಯನ ಧರ್ಮ. ಬಿಡಿಸಿ ಕೇಳುವುದು ಮನೆಯವರ ಹೊಣೆ.